ಅಳತೆ ಬ್ಲೌಸ್

ಜೂನ್ 2, ಸೋಮವಾರ

ನಮ್ಮ ಯಜಮಾನರು ಕಾಂತೇಶ್ ಈ ಡೈರಿ ತಂದುಕೊಟ್ಟು, "ನನ್ ತಲೆ ತಿನ್ಬೇಡ ಕಣೇ, ಇದ್ರಲ್ಲಿ ಬರ್ಕೊ" ಅಂದರು. ಅಂತರಸನಹಳ್ಳಿಯ ವರ್ಕ್‌ಶಾಪಿನಲ್ಲಿ ದಿನವಿಡೀ ಲೇತ್ ಮೆಷಿನ್ನಿನ ಸದ್ದು ಕೇಳುವ ಮನುಷ್ಯನಿಗೆ ನನ್ನ ದನಿ ಜಾಸ್ತಿಯಾಯಿತಂತೆ. ಆಗಲಿ, ಬರೆಯುತ್ತೇನೆ. ಡೈರಿಯಾದರೂ ಮಧ್ಯೆ ಬಾಯಿ ಹಾಕುವುದಿಲ್ಲ.

ಇವತ್ತು ನಮ್ಮ ಪ್ರಿನ್ಸಿಪಾಲ್ ಅಣ್ಣಯ್ಯಪ್ಪನವರು ಸ್ಟಾಫ್ ಮೀಟಿಂಗಿನಲ್ಲಿ ನನ್ನ ಲ್ಯಾಬಿಗೆ ತಿಥಿ ಗೊತ್ತು ಮಾಡಿದರು. ಇಪ್ಪತ್ತೇಳನೇ ತಾರೀಕು ಇನ್ಸ್‌ಪೆಕ್ಷನ್. ಅಷ್ಟರೊಳಗೆ ವಿದ್ಯಾರ್ಥಿನಿಯರ ಎಂಟೂ ಕಂಪ್ಯೂಟರುಗಳು ಓಡುತ್ತಿರಬೇಕು. ಇಲ್ಲದಿದ್ದರೆ ಗುಬ್ಬಿಯ ಈ ಮಹಿಳಾ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ವಿಭಾಗವೇ ಬಂದ್. ರೂಮು ಹೊಲಿಗೆ ವಿಭಾಗಕ್ಕೆ, ನಾನು ಕುಣಿಗಲ್ ಶಾಖೆಗೆ. ಅಲ್ಲಿ ಕಂಪ್ಯೂಟರೇ ಇಲ್ಲ. ಹಾಜರಿ ಪುಸ್ತಕಕ್ಕೆ ಗೆರೆ ಹೊಡೆದುಕೊಂಡು ಕೂರಬೇಕು.

"ಹಳೇ ಮಷೀನು ಮೇಡಂ, ನೀವೇನ್ ಮಾಡಕ್ಕಾಗುತ್ತೆ" ಎಂದು ಸಮಾಧಾನ ಬೇರೆ. ಅದಕ್ಕೆ ಮೈ ಇನ್ನೂ ಉರಿಯಿತು.

ಮೀಟಿಂಗ್ ಮುಗಿದ ಮೇಲೆ ಹೊಲಿಗೆ ವಿಭಾಗದ ಲಕ್ಷ್ಮೀದೇವಮ್ಮ ನನ್ನ ಲ್ಯಾಬಿನೊಳಗೆ ತಲೆ ಹಾಕಿ, "ಬೆಳಕು ಚೆನ್ನಾಗೈತೆ" ಅಂದಳು. ಹೆಣ ಎತ್ತುವ ಮುಂಚೆ ಮಂಚ ಅಳೆದ ಹಾಗೆ! ಅವಳ ಹತ್ತು ಹೊಸ ಹೊಲಿಗೆ ಮಷೀನುಗಳು ಕಾರಿಡಾರಿನಲ್ಲಿವೆ. ಮಧ್ಯಾಹ್ನ ಬಿಸಿಲು ಬಂದಂತೆ ಹುಡುಗಿಯರು ಮಷೀನು ಎತ್ತಿಕೊಂಡು ಸರಿಯುತ್ತಾ ಹೋಗುತ್ತಾರೆ. ಅದಕ್ಕೆ ನಾನೇನು ಮಾಡಲಿ?

ಕೇಂದ್ರದ ಹೆಂಗಸರೆಲ್ಲ ಬ್ಲೌಸ್ ಹೊಲಿಸುವುದು ಅವಳ ಹತ್ತಿರವೇ. ನಾನು ಮಾತ್ರ ತುಮಕೂರಿನಲ್ಲಿ ಹೊಲಿಸುತ್ತೇನೆ. ನಾನಿಲ್ಲಿ ಸೇರಿ ನಾಲ್ಕು ವರ್ಷವಾಯಿತು, ಒಂದು ದಿನ "ನೀವೂ ಕೊಡಿ ಮೇಡಂ" ಅಂದಿದ್ದಾಳಾ? ಕೇಳದವರ ಬಾಗಿಲಿಗೆ ನಾನ್ಯಾಕೆ ಹೋಗಲಿ.

ಜೂನ್ 3, ಮಂಗಳವಾರ

ಎಂಟು ಕಂಪ್ಯೂಟರುಗಳ ಒಳಗೆ ಯಾವ ಯಾವ ಪ್ರೊಸೆಸರ್ ಇದೆ ಎಂದು ತಿಳಿಯಬೇಕಿತ್ತು. ಸ್ಟಾಕ್ ರಿಜಿಸ್ಟರ್ ತೆಗೆಸಿದೆ. "ಕಂಪ್ಯೂಟರ್ – 8 – ಸುಸ್ಥಿತಿ" ಎಂದಿದೆ. ಅದರ ಕೆಳಗೆ "ಪ್ಲಾಸ್ಟಿಕ್ ಕುರ್ಚಿ – 20 – ಸುಸ್ಥಿತಿ." ಹದಿನಾರು ವರ್ಷದಿಂದ ಪ್ರತಿ ವರ್ಷವೂ ಎಲ್ಲವೂ ಸುಸ್ಥಿತಿ. ಕಾಲು ಮುರಿದ ಕುರ್ಚಿಯ ಮೇಲೆ ಕೂತೇ ಅದನ್ನು ಓದಿದೆ.

ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ನಾನೇ ಬಿಚ್ಚಿದೆ. ಒಂದರಲ್ಲಿ ಹಲ್ಲಿ ಮೊಟ್ಟೆ. ಇನ್ನೊಂದರ ಸಿ.ಡಿ. ತಟ್ಟೆಯಲ್ಲಿ ಹತ್ತಾರು ಆಯುಧಪೂಜೆಗಳ ಕುಂಕುಮ. ಸತ್ತೇಹೋಗಿದ್ದ ಮೂರಕ್ಕೆ ಮೆಮೊರಿ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದೆ, ಉಸಿರಾಡಿದವು. ಮೂಲೆಯ ಎಂಟನೇ ನಂಬರಿನದು ಎಲ್ಲಕ್ಕಿಂತ ಹಳೆಯದು. ಆನ್ ಮಾಡಿದರೆ ಗೊರಗೊರ ಕೆಮ್ಮುತ್ತದೆ. ಅದಕ್ಕೆ ಅಜ್ಜಿ ಎಂದು ಹೆಸರಿಟ್ಟೆ.

ಜೂನ್ 5, ಗುರುವಾರ

ಎಂಟರ ಕಾಯಿಲೆಯೂ ಒಂದೇ. ಒಳಗಿರುವ ಆಪರೇಟಿಂಗ್ ಸಿಸ್ಟಂ ಓಬೀರಾಯನ ಕಾಲದ್ದು. ಅದರಲ್ಲಿ ಪರೀಕ್ಷೆಯ ವೆಬ್‌ಸೈಟ್ ತೆರೆಯುವುದಿಲ್ಲ. ಹೊಸದನ್ನು ಹಾಕೋಣವೆಂದರೆ ರೆಡಿಮೇಡ್ ಸಿಗುವವೆಲ್ಲ ಹೊಸ ಮಷೀನುಗಳಿಗೆ. ಮೂರು ಬಗೆ ಹಾಕಿ ನೋಡಿದೆ. ಮೊದಲನೆಯದು "ಈ ಪ್ರೊಸೆಸರ್ ನನಗಾಗದು" ಎಂದು ಬಾಗಿಲಲ್ಲೇ ನಿಂತಿತು. ಎರಡನೆಯದು ಒಳಗೆ ಬಂದು ಮಲಗಿಬಿಟ್ಟಿತು. ಮೂರನೆಯದು ಓಡಿತು, ಆದರೆ ಕನ್ನಡ ಅಕ್ಷರವೆಲ್ಲ ಬರೀ ಚೌಕ ಚೌಕ.

ಹಾಗಾದರೆ ನಾನೇ ಕಟ್ಟುತ್ತೇನೆ. ಮೂಲ ಕೋಡ್ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಇಳಿಸಿಕೊಂಡು, ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಬಿಟ್ಟು, ಒಂದು ಆಪರೇಟಿಂಗ್ ಸಿಸ್ಟಮನ್ನು ಬುಡದಿಂದ ಕಟ್ಟಬಹುದು. ಡಿಪ್ಲೊಮಾದಲ್ಲಿ ಒಂದೇ ಸಲ ಮಾಡಿದ್ದೆ. ಅದೂ ಗುಂಪಿನಲ್ಲಿ. ಅದೂ ನಾನು ಬರೀ ರೆಕಾರ್ಡ್ ಬರೆದಿದ್ದೆ. ಇದನ್ನು ಡೈರಿಗೆ ಮಾತ್ರ ಹೇಳುತ್ತಿದ್ದೇನೆ.

ಜೂನ್ 9, ಸೋಮವಾರ

ನಿನ್ನೆ ದೇವರಾಯನದುರ್ಗಕ್ಕೆ ಹೋಗಿದ್ದೆವು. ಎಲ್ಲರೂ ಮಂಗಳಾರತಿ ಕಣ್ಣಿಗೊತ್ತಿಕೊಳ್ಳುತ್ತಿದ್ದರೆ ನಾನು "ಮೂವತ್ತೆರಡಾ, ಅರವತ್ನಾಲ್ಕಾ" ಎಂದು ಗೊಣಗುತ್ತಿದ್ದೆನಂತೆ. ಪಕ್ಕದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಬೆಟ್ಟ ಇಳಿಯುವಾಗ ಕಾಂತೇಶ್ ಕೇಳಿದರು, "ಅದೇನೇ ಅದು, ದೇವ್ರ ಮುಂದೆ ಮಗ್ಗಿ ಹೇಳ್ತಾ ಇದ್ದೆ?"

"ಕಟ್ಟಕ್ಕೆ ಕೂತ್ರೆ ಮೊದಲ್ನೇ ಪ್ರಶ್ನೇನೇ ಅದು ರೀ. ಯಾವ್ ಥರದ ಪ್ರೊಸೆಸರ್‌ಗೆ ಕಟ್ತೀಯ ಅಂತ ಕೇಳುತ್ತೆ. ಒಂದೊಂದ್ ಥರದ್ದಕ್ಕೆ ಒಂದೊಂದ್ ಥರದ ಆಜ್ಞೆ ಅರ್ಥ ಆಗೋದು. ಹಳೇವಕ್ಕೆ ಮೂವತ್ತೆರಡು ಬಿಟ್, ಹೊಸವಕ್ಕೆ ಅರವತ್ನಾಲ್ಕು."

"ಹದಿನಾಲ್ಕರ ನಟ್ಟಿಗೆ ಹದಿನೇಳರ ಸ್ಪ್ಯಾನರ್ ಹಾಕಿದ್ರೆ ಸ್ಪ್ಯಾನರ್ ತಿರುಗುತ್ತೆ, ನಟ್ ತಿರುಗಲ್ಲ."

"ಹ್ಞೂಂ, ಅದೇ."

"ಮತ್ತೆ ನಿನ್ ನಟ್ ಎಷ್ಟರದ್ದು?"

ಅದೇ ತಾನೇ ಪಾಡು. ಎಂಟರಲ್ಲಿ ಎರಡು ಅರವತ್ನಾಲ್ಕನ್ನು ತಾಳುತ್ತವೆ. ಆರಕ್ಕೆ ಮೂವತ್ತೆರಡೇ ಗತಿ. ಇವತ್ತಿನ ಪ್ರಪಂಚವೆಲ್ಲ ಅರವತ್ನಾಲ್ಕರಲ್ಲಿರುವಾಗ ಗುಬ್ಬಿಯ ವನಜಾಕ್ಷಿ ಮೂವತ್ತೆರಡು ಕಟ್ಟಿದಳು ಎಂದರೆ ಮಾನ ಹೋಗದೆ? ಆದರೂ ಎಂಟೂ ಓಡಬೇಕಲ್ಲ. ಒಲ್ಲದ ಮನಸ್ಸಿನಿಂದ ಮೂವತ್ತೆರಡು ಎಂದು ಬರೆದೆ.

ಜೂನ್ 11, ಬುಧವಾರ

ಶುರು ಮಾಡಿದೆ! ಕಟ್ಟುವ ಕೆಲಸಕ್ಕೆ ನನ್ನ ಟೇಬಲ್ಲಿನ ದೊಡ್ಡ ಕಂಪ್ಯೂಟರ್. ಹೋದ ವರ್ಷ ಯಾರೋ ದಾನಿಗಳು ಕೊಟ್ಟದ್ದು, ಹೊಸದು. ಅದೇ ನಾಲ್ಕೈದು ದಿನ ತೆಗೆದುಕೊಳ್ಳುತ್ತದೆ. ಅಜ್ಜಿಗೆ ಹಚ್ಚಿದ್ದರೆ ದೀಪಾವಳಿಗೆ ಮುಗಿಸುತ್ತಿದ್ದಳು.

ಶುರು ಮಾಡುವ ಮುಂಚೆ ಸೆಟ್ಟಿಂಗ್ ಫೈಲಿನಲ್ಲಿ ಇನ್ನೊಂದು ಸಾಲು ಸಿಕ್ಕಿತು. "ಈ ಮಷೀನಿನ ಪ್ರೊಸೆಸರ್ ನೋಡಿ ಅದಕ್ಕೆ ಸರಿಯಾಗಿ ಕಟ್ಟು" ಎಂದು ಹೇಳುವ ಸಾಲು. ಹಾಕಿದರೆ ಬೇಗ ಓಡುತ್ತದಂತೆ. ಬೇಗ ಓಡುವುದು ಯಾರಿಗೆ ಬೇಡ? ಹಾಕಿದೆ.

"ಕೆಲಸ ನಡೆಯುತ್ತಿದೆ. ದಯವಿಟ್ಟು ಆಫ್ ಮಾಡಬೇಡಿ" ಎಂದು ಹಾಳೆ ಬರೆದು ಅಂಟಿಸಿ ಬಂದೆ.

ಜೂನ್ 12, ಗುರುವಾರ

ಅಯ್ಯೋ, ಅಯ್ಯೋ, ಅಯ್ಯೋ. ಊಟ ಮುಗಿಸಿ ಬಂದರೆ ಸ್ಕ್ರೀನ್ ಕಪ್ಪು. ಯುಪಿಎಸ್ ಕುಯ್ಯೋ ಎಂದು ಬಡಿದುಕೊಳ್ಳುತ್ತಿದೆ. ಅದಕ್ಕೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿ ನಿಂತಿದ್ದಾಳೆ ಲಕ್ಷ್ಮೀದೇವಮ್ಮ.

"ಯಾರ್ರೀ ಇದನ್ನ ತೆಗೆದಿದ್ದು?"

"ನಾನೇ ಕಣಮ್ಮ. ಕಾಲರ್‌ಗೆ ಕ್ಯಾನ್ವಾಸ್ ಅಂಟಿಸ್ಬೇಕಿತ್ತು, ಕರೆಂಟ್ ಇಲ್ಲ. ಇಲ್ಲಿ ಇತ್ತಲ್ಲ ಅಂತ."

"ಆಫ್ ಮಾಡ್ಬೇಡಿ ಅಂತ ಬರ್ದು ಹಾಕಿದ್ನಲ್ಲ!"

"ಆಫ್ ಎಲ್ಲಿ ಮಾಡ್ದೆ? ಪ್ಲಗ್ ಕಿತ್ತೆ ಅಷ್ಟೇಯ."

ನನ್ನ ಬಾಯಿಂದ ಏನೇನು ಬಂತೋ ಬರೆಯಲಾರೆ. ಬೇಕಂತಲೇ ಮಾಡಿದ್ದು, ರೂಮಿನ ಮೇಲೆ ಕಣ್ಣು ಎಂದೆಲ್ಲ ಕೂಗಾಡಿದೆ. ಅವಳು ಅರ್ಧ ಅಂಟಿದ ಕಾಲರನ್ನು ಮಡಚಿಕೊಂಡು ಸುಮ್ಮನೆ ಹೋದಳು.

ಜೂನ್ 13, ಶುಕ್ರವಾರ

ಮತ್ತೆ ಆನ್ ಮಾಡಿದರೆ ಕೆಲಸ ನಿಂತಲ್ಲಿಂದಲೇ ಮುಂದುವರಿಯಿತು. ಒಟ್ಟು ನಷ್ಟ ಇಪ್ಪತ್ತೈದು ನಿಮಿಷ. ಈ ಮಾತು ನಾನು ಯಾರಿಗೂ ಹೇಳುವುದಿಲ್ಲ. ಅಷ್ಟು ಕೂಗಾಡಿದ ಮೇಲೆ ಇಪ್ಪತ್ತೈದು ನಿಮಿಷ ಅಂದರೆ ಚೆನ್ನಾಗಿರುತ್ತದಾ?

ಜೂನ್ 17, ಮಂಗಳವಾರ

ಮುಗಿಯಿತು! ದೊಡ್ಡ ಕಂಪ್ಯೂಟರಿನಲ್ಲಿ ಹಾಕಿದೆ, ಬಾಣದ ಹಾಗೆ ಹೋಗುತ್ತದೆ. ಕನ್ನಡ ಅಕ್ಷರಗಳು ದುಂಡುದುಂಡಗೆ ಕಾಣುತ್ತವೆ. ಒತ್ತಕ್ಷರ ಕೂಡ ತನ್ನ ಜಾಗದಲ್ಲಿದೆ. ಪ್ರಿನ್ಸಿಪಾಲರು ಬಂದು ನೋಡಿ, "ಪರ್ವಾಗಿಲ್ವೇ!" ಅಂದರು. ಆ ಬಾಯಿಂದ ಅಷ್ಟು ಬರುವುದೇ ಹೆಚ್ಚು.

ಕಾಂತೇಶ್ ಮೈಸೂರುಪಾಕ್ ತಂದರು. ಹೊಲಿಗೆ ವಿಭಾಗಕ್ಕೂ ಒಂದು ಡಬ್ಬಿ ಕಳಿಸೋಣವೆಂದಿದ್ದೇನೆ. ಗೆದ್ದವರು ಸ್ವಲ್ಪ ದೊಡ್ಡತನ ತೋರಿಸಬೇಕು. ನಾಳೆ ಎಂಟಕ್ಕೂ ಹಾಕಿದರೆ ಆಯಿತು.

ಜೂನ್ 18, ಬುಧವಾರ

ಎಂಟಕ್ಕೆ ಎಂಟೂ ಬಿದ್ದವು. ಆನ್ ಆಗುತ್ತವೆ, ಎರಡು ಸಾಲು ಬರುತ್ತದೆ, ಆಮೇಲೆ "ಅಕ್ರಮ ಆಜ್ಞೆ" ಎಂದು ಇಂಗ್ಲಿಷಿನಲ್ಲಿ ಹೇಳಿ ಸಾಯುತ್ತವೆ. ಹೆಲ್ಮೆಟ್ ಇಲ್ಲದೆ ಸ್ಕೂಟಿ ಹತ್ತದವಳು ನಾನು, ನನ್ನದು ಅಕ್ರಮವಂತೆ.

ಹೊಲಿಗೆ ವಿಭಾಗದಿಂದ ಡಬ್ಬಿ ತೊಳೆದು ಕಳಿಸಿದ್ದಾಳೆ. "ತುಪ್ಪ ಕಮ್ಮಿ ಆಯ್ತು" ಎಂಬ ಸಂದೇಶ ಬೇರೆ.

ಜೂನ್ 19, ಗುರುವಾರ

ಬರೆಯಲು ಏನೂ ಇಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸಿನ ಟೈಂ ಕೇಳಿಕೊಂಡು ಬಂದೆ. "ಅಲ್ಲಿ ಕುದ್ರೆ ಫಾರಂ ಐತಲ್ಲ, ನೋಡ್ಬೋದು" ಅಂದರು ಕಾಂತೇಶ್, ನಗಿಸಲು. ನಾನು ಅತ್ತುಬಿಟ್ಟೆ. ಪಾಪ, ಅವರು ಹೆದರಿ ತಾವೇ ಅನ್ನಕ್ಕಿಟ್ಟರು.

ಜೂನ್ 20, ಶುಕ್ರವಾರ

ನಿಧಾನವಾಗಿ, ಒಂದೂ ಬಿಡದೆ ಬರೆಯಬೇಕು.

ಮಧ್ಯಾಹ್ನ ಊಟ ಬೇಡವೆನಿಸಿ ಲ್ಯಾಬಿನಲ್ಲೇ ಕೂತಿದ್ದೆ. ಲಕ್ಷ್ಮೀದೇವಮ್ಮ ಒಂದು ಡಬ್ಬಿ ಚಿತ್ರಾನ್ನ ತಂದು ಮುಂದಿಟ್ಟರು. ಬೇಡ ಅಂದೆ. "ಸಿಟ್ಟು ನನ್ ಮ್ಯಾಲೆ ತಾನೇ? ಚಿತ್ರಾನ್ನ ಏನ್ ಮಾಡೈತೆ?" ಅಂದರು. ಉಂಡೆ. ಕಡಲೇಬೀಜ ಧಾರಾಳವಾಗಿ ಹಾಕಿದ್ದರು.

"ನಾನ್ ಪ್ಲಗ್ ಕಿತ್ತಿದ್ದಕ್ಕೇ ಹಿಂಗಾಯ್ತಾ?" ಎಂದು ಮೆಲ್ಲಗೆ ಕೇಳಿದರು. ಎಂಟು ದಿನದಿಂದ ಆ ಭಯದಲ್ಲಿದ್ದರಂತೆ. ನನಗೆ ನಾಚಿಕೆಯಾಯಿತು. ಇಪ್ಪತ್ತೈದು ನಿಮಿಷದ ವಿಷಯ ಹೇಳಿಬಿಟ್ಟೆ. ಅವರು ಸೊಂಟದ ಮೇಲೆ ಕೈಯಿಟ್ಟು, "ಎಲಾ ಇವ್ಳಾ!" ಎಂದು ನಕ್ಕರು.

ಆಮೇಲೆ ಕೇಳಿದರು, "ಮತ್ತೆ ಯಾಕ್ ಓಡ್ತಿಲ್ಲ?"

"ಗೊತ್ತಿಲ್ಲ. ಆ ದೊಡ್ಡದ್ರಲ್ಲಿ ಚೆನ್ನಾಗಿ ಓಡುತ್ತೆ. ಈ ಎಂಟ್ರಲ್ಲಿ ಓಡಲ್ಲ."

"ಹೊಲ್ದಿದ್ದು ಎಲ್ಲಿ?"

"ಹೊಲಿಯೋದಲ್ಲ, ಕಟ್ಟೋದು. ದೊಡ್ಡದ್ರಲ್ಲೇ ಕಟ್ಟಿದ್ದು."

"ಅಳತೆ ಯಾರ್ದು ತಗೊಂಡೆ?"

"ಅಳತೆ ಎಂಥದ್ದು?"

"ನನ್ ಸ್ಟೂಡೆಂಟ್‌ಗಳು ಬಂದ ಹೊಸದ್ರಲ್ಲಿ ಮಾಡ್ತಾವೆ. ಗಿರಾಕಿದು ಅಳತೆ ಬ್ಲೌಸ್ ಕೇಳಕ್ ನಾಚ್ಕೊಂಡು, ತಮ್ ಮೈಗೇ ಇಟ್ಟು ನೋಡಿ ಕತ್ತರಿಸ್ಬುಡ್ತವೆ. ಹೊಲ್ದೋಳು ಹಾಕ್ಕೊಂಡ್ರೆ ಬೊಂಬೆ ಹಂಗೆ ಕೂರ್ತದೆ. ಗಿರಾಕಿಗೆ ಕೈಯೇ ಹೋಗಲ್ಲ. ತೊಡೋರ್ದು ಅಳತೆ ತಗೋಬೇಕಲ್ವೇನೇ?"

ನನ್ನ ಬಾಯಿಗೆ ಹೋಗುತ್ತಿದ್ದ ಚಿತ್ರಾನ್ನ ಹಾಗೇ ನಿಂತಿತು. ಆ ಸಾಲು! "ಈ ಮಷೀನಿನ ಪ್ರೊಸೆಸರ್ ನೋಡಿ ಅದಕ್ಕೆ ಸರಿಯಾಗಿ ಕಟ್ಟು." ಈ ಮಷೀನು ಅಂದರೆ ಯಾವುದು? ಕಟ್ಟುತ್ತಿರುವ ದೊಡ್ಡದು. ಮೂವತ್ತೆರಡು ಅಂದದ್ದೇನೋ ಸರಿ. ಆದರೆ ಆ ಮೂವತ್ತೆರಡರೊಳಗೂ ದೊಡ್ಡದಕ್ಕೆ ಗೊತ್ತಿರುವ ಹೊಸ ಹೊಸ ಆಜ್ಞೆಗಳನ್ನೆಲ್ಲ ತುಂಬಿಟ್ಟಿದೆ. ಹಳೆಯವು ಅವನ್ನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ. ಎಂಟಕ್ಕೆ ಕಟ್ಟುತ್ತೇನೆಂದು ಹೊರಟು ಹೊಲಿಯುವವಳ ಅಳತೆಗೆ ಹೊಲಿದಿದ್ದೆ.

ಎಂಜಲು ಕೈಯಲ್ಲೇ ಲಕ್ಷ್ಮೀದೇವಮ್ಮನವರನ್ನು ತಬ್ಬಿಕೊಂಡೆ. "ಸೀರೆ, ಸೀರೆ! ಅರಿಶಿನ ಆಯ್ತದೆ ಕಣೇ!" ಎಂದು ಕೂಗಿಕೊಂಡರು.

ಕೈ ತೊಳೆದು ನೇರ ಮೂಲೆಗೆ ಹೋಗಿ ಅಜ್ಜಿಯ ಮುಚ್ಚಳ ಬಿಚ್ಚಿದೆ. ಚಿಪ್ಪಿನ ಮೇಲಿನ ಧೂಳು ಒರೆಸಿ, ಹೆಸರು ಓದಿ ಬರೆದುಕೊಂಡೆ. ಅವಳಿಗೆ ಅರ್ಥವಾಗುವ ಆಜ್ಞೆ ಉಳಿದ ಏಳಕ್ಕೂ ಅರ್ಥವಾಗುತ್ತದೆ. ಆ ಸಾಲನ್ನು ಅಳಿಸಿ ಅಲ್ಲಿ ಅಜ್ಜಿಯ ಹೆಸರು ಹಾಕಿದೆ. ಸಂಜೆ ನಾಲ್ಕಕ್ಕೆ ಮತ್ತೆ ಶುರು.

ಜೂನ್ 23, ಸೋಮವಾರ

ಶನಿವಾರ ಮೂರು ಸಲ ಕರೆಂಟ್ ಹೋಗಿತ್ತು. ಯುಪಿಎಸ್ ತಾಳಿದೆ. ಈಗ ಅದರ ಹತ್ತಿರ ಯಾರೂ ಸುಳಿಯುವಂತಿಲ್ಲ, ಲಕ್ಷ್ಮೀದೇವಕ್ಕನ ಕಾವಲು. ನನ್ನ ಹಾಳೆಯ ಬೋರ್ಡು ಕಿತ್ತೆಸೆದು, ಬಟ್ಟೆಯ ಮೇಲೆ ಕೆಂಪು ದಾರದಲ್ಲಿ "ಮುಟ್ಟೀರಿ ಜೋಕೆ" ಎಂದು ಚೈನ್ ಹೊಲಿಗೆ ಹಾಕಿ ತೂಗುಬಿಟ್ಟಿದ್ದಾರೆ. ಇಸ್ತ್ರಿ ಪೆಟ್ಟಿಗೆ ಪ್ರಿನ್ಸಿಪಾಲರ ರೂಮಿಗೆ ಹೋಗಿದೆ. ಅಣ್ಣಯ್ಯಪ್ಪನವರ ಫೈಲುಗಳ ಪಕ್ಕದಲ್ಲಿ ಕಾಲರುಗಳು ತಯಾರಾಗುತ್ತಿವೆ.

ಮಧ್ಯಾಹ್ನ ಸುಮ್ಮನೆ ಕೂತು ಬೇಸರವಾಗಿ ಕಾರಿಡಾರಿನಲ್ಲಿ ಹುಡುಗಿಯರ ಜೊತೆ ಮಷೀನು ಸರಿಸಿದೆ. ಬಿಸಿಲು ಮೂರೂವರೆಗೆ ಕೊನೆಯ ಕಂಬದವರೆಗೂ ಬರುತ್ತದೆ. ಮಷೀನು ಭಾರ.

ಜೂನ್ 25, ಬುಧವಾರ

ಓಡಿದವು! ಒಂದು, ಎರಡು, ಮೂರು ಎಂದು ಏಳೂ ಆದವು. ಅಜ್ಜಿ ಮಾತ್ರ ಆನ್ ಮಾಡಿದ ಮೇಲೆ ಮೂರು ನಿಮಿಷ ಬರೀ ಕೆಮ್ಮಿದಳು. ಅಕ್ಕ ನನ್ನ ಕೈ ಹಿಡಿದಿದ್ದರು. ಹುಡುಗಿಯರೆಲ್ಲ ಬಾಗಿಲಲ್ಲಿ ನಿಂತಿದ್ದರು. ನಾಲ್ಕನೇ ನಿಮಿಷಕ್ಕೆ ಸ್ಕ್ರೀನಿನ ಮೇಲೆ ಕನ್ನಡದಲ್ಲಿ "ಸ್ವಾಗತ" ಎಂದು ಬಂತು. ಇಡೀ ಕಾರಿಡಾರು ಶಿಳ್ಳೆ ಹೊಡೆಯಿತು. ನಾನು ಜೋರಾಗಿ ಅತ್ತೆ, ನಾಚಿಕೆಯೇನೂ ಆಗಲಿಲ್ಲ.

ಜೂನ್ 27, ಶುಕ್ರವಾರ

ಇನ್ಸ್‌ಪೆಕ್ಷನ್ ಆಯಿತು. ಬಂದವರು ಬೇಕಂತಲೇ ಮೂಲೆಗೆ ಹೋಗಿ ಅಜ್ಜಿಯ ಮುಂದೆಯೇ ಕೂತರು. ಕನ್ನಡದಲ್ಲಿ ಹೆಸರು ಟೈಪ್ ಮಾಡಿ, ಪರೀಕ್ಷೆಯ ವೆಬ್‌ಸೈಟ್ ತೆರೆದು ನೋಡಿ, "ಇದು ಯಾವ ಕಂಪನಿಯ ಸಿಸ್ಟಂ?" ಎಂದು ಕೇಳಿದರು. "ಗುಬ್ಬೀದೇ ಸಾರ್" ಅಂದೆ. ಎಂಟೂ ಓಡುತ್ತಿವೆ ಎಂದು ಬರೆದು ಸಹಿ ಹಾಕಿದರು. ವಿಭಾಗ ಉಳಿಯಿತು. ನಾನೂ ಉಳಿದೆ.

ಅವರು ಹೋದ ಮೇಲೆ ಪ್ರಿನ್ಸಿಪಾಲರು, "ಲಕ್ಷ್ಮೀದೇವಮ್ಮ, ಹಂಗಾದ್ರೆ ನಿಮ್ ಮಷೀನೆಲ್ಲ ಕಾರಿಡಾರಲ್ಲೇ ಇರ್ಲಿ" ಅಂದರು. "ಆಯ್ತು ಸಾರ್" ಅಂದರು ಅಕ್ಕ. ಮೂರು ಗಂಟೆಗೆ ಮಷೀನು ಸರಿಸುವ ಸದ್ದು ಕೇಳಿತು.

ಗೆದ್ದ ದಿನ. ಯಾಕೋ ಮೈಸೂರುಪಾಕ್ ತರಿಸಲಿಲ್ಲ.

ಜೂನ್ 28, ಶನಿವಾರ

ಗೋಡೆಗಳ ಮೇಲೆ ಧೂಳು ಜಾಸ್ತಿಯಾಗಿತ್ತು, ಕಂಪ್ಯೂಟರಿಗೆ ಒಳ್ಳೆಯದಲ್ಲ. ಅದಕ್ಕೇ ಕಾಂತೇಶ್‌ರನ್ನು ಕರೆದುಕೊಂಡು ಹೋಗಿ ಎಂಟೂ ಟೇಬಲ್ಲುಗಳನ್ನು ಹಿಂದಿನ ಗೋಡೆಗೆ ಎರಡು ಸಾಲು ಮಾಡಿಸಿದೆ. ಹಾಗೆ ಮಾಡಿದ ಮೇಲೆ ಕಿಟಕಿಯ ಕಡೆ ಅರ್ಧ ರೂಮು ಖಾಲಿ ಉಳಿಯಿತು. ಟೇಪಿನಲ್ಲಿ ಅಳೆದರೆ ಸರಿಯಾಗಿ ಹತ್ತು ಮಷೀನು ಹಿಡಿಸುತ್ತದೆ. ಅದು ಬೇರೆ ವಿಷಯ.

"ರೂಮ್ ಉಳಿಸ್ಕೊಳಕ್ಕೆ ತಿಂಗ್ಳೆಲ್ಲ ಕುಣ್ದಾಡ್ದೋಳು ನೀನೇ ಏನೇ?" ಅಂದರು ಕಾಂತೇಶ್.

"ಧೂಳು ರೀ, ಧೂಳು" ಅಂದೆ.

ಜೂನ್ 30, ಸೋಮವಾರ

ಬೆಳಿಗ್ಗೆ ಹತ್ತೂ ಮಷೀನುಗಳು ಒಳಗೆ ಬಂದವು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನೋಡಿ, ಏನೋ ಹೇಳಲು ಹೋಗಿ, ಕೆಂಪು ದಾರದ ಬೋರ್ಡು ಓದಿಕೊಂಡು ವಾಪಸು ಹೋದರು. ಟಕಟಕ ಸದ್ದಿನಲ್ಲಿ ಪಾಠ ಮಾಡುವುದು ಕಷ್ಟ. ಗಂಟಲು ಎತ್ತರಿಸಬೇಕು, ಅದು ನನಗೆ ಹೊಸದೇನಲ್ಲ.

ಊಟದ ಹೊತ್ತಿಗೆ ಬ್ಯಾಗಿನಿಂದ ಹೊಸ ಬ್ಲೌಸ್ ಪೀಸು ತೆಗೆದು ಅಕ್ಕನ ಮುಂದಿಟ್ಟೆ, ಜೊತೆಗೆ ಅಳತೆ ಬ್ಲೌಸು. ಅವರು ಆ ಬ್ಲೌಸನ್ನು ಎತ್ತಿ ಹಿಡಿದು, ನನ್ನನ್ನು ನೋಡಿ, ಮತ್ತೆ ಅದನ್ನು ನೋಡಿದರು.

"ಇದ್ಯಾವಾಗಿಂದೇ?"

"ಮದುವೇದು."

"ಸುಸ್ಥಿತಿ ಅಂತ ಬರ್ಕೊಳ್ಳಾ? ಬಾ ಇಲ್ಲಿ, ಕೈ ಎತ್ತು."

ಟೇಪು ಸುತ್ತಿ ಅಳೆದರು. ಅಂಕಿ ಕೇಳಿ ಹುಡುಗಿಯರು ಕಿಸಕ್ಕೆಂದರು. ಆಮೇಲೆ ಅಕ್ಕ ಪೆಟ್ಟಿಗೆಯಿಂದ ಅಳತೆ ಪುಸ್ತಕ ತೆಗೆದರು. ಮೂಲೆ ಮಡಚಿ ಹಣ್ಣಾದ ದಪ್ಪ ಪುಸ್ತಕ. ಹೊಸ ಪುಟ ತೆಗೆಯುತ್ತಾರೆಂದುಕೊಂಡರೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ ತಿರುಗಿಸುತ್ತಾ ಹೋಗಿ ಒಂದು ಪುಟದಲ್ಲಿ ನಿಂತರು. ಮೇಲ್ಗಡೆ "ವನಜಾಕ್ಷಿ ಮೇಡಂ, ಕಂಪ್ಯೂಟರು" ಎಂದು ಬರೆದಿದೆ. ನಾನು ಇಲ್ಲಿ ಸೇರಿದ ದಿನದ ತಾರೀಕು. ಕೆಳಗೆ ತೋಳು, ಎದೆ, ಸೊಂಟ, ಬೆನ್ನು ಎಂದು ಗೆರೆ ಹಾಕಿದೆ. ಗೆರೆಗಳ ಮುಂದೆ ಏನೂ ಇಲ್ಲ.

"ಮತ್ಯಾಕೆ ಒಂದಿನಾನೂ ಕೇಳ್ಲಿಲ್ಲ ನೀವು?" ಅಂದೆ.

"ಓದ್ದೋಳು, ತುಮಕೂರಲ್ಲಿ ಹೊಲ್ಸೋಳು, ನನ್ ಕೈ ಹೊಲಿಗೆ ಮೆಚ್ತೀಯೋ ಇಲ್ವೋ ಅಂತ. ನೀನೇ ಕೊಡ್ತೀಯ ಅಂತ ಕಾಯ್ತಿದ್ದೆ."

ನಾಲ್ಕು ವರ್ಷ! ನಾನು ಅವರು ಕೇಳಲಿ ಎಂದು, ಅವರು ನಾನು ಕೊಡಲಿ ಎಂದು. ಅಕ್ಕ ಕನ್ನಡಕ ಸರಿಮಾಡಿಕೊಂಡು, ಒಂದೊಂದು ಗೆರೆಯ ಮುಂದೂ ಅಂಕಿ ತುಂಬಿದರು. ಮೇಲೆ ಬರೆದಿದ್ದ "ಮೇಡಂ" ಅನ್ನು ಮಾತ್ರ ಒಂದು ಗೀಟು ಎಳೆದು ಹೊಡೆದುಹಾಕಿದರು.

ಶುಕ್ರವಾರ ಕೊಡುತ್ತಾರಂತೆ.